ಒಳಬಳಗ ಹುಟ್ಟುವ ಬಗೆ, ಬಾಗಿಲು ಮುಚ್ಚಿಕೊಳ್ಳುವ ಬಗೆ

"ಅವರದೇ ಒಂದು ಗುಂಪು" ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಕಚೇರಿ, ತರಗತಿ, ವಸತಿ ಸಮುಚ್ಚಯ, ಹವ್ಯಾಸಿ ಸಂಘ, ಪೋಷಕರ ವಾಟ್ಸಾಪ್ ಬಳಗ, ಎಲ್ಲಿ ಮೂವತ್ತು ಜನ ಸೇರುತ್ತಾರೋ ಅಲ್ಲಿ ಕೆಲವೇ ತಿಂಗಳಲ್ಲಿ ಐದಾರು ಜನರ ಒಳಬಳಗವೊಂದು ಎದ್ದುಬಿಡುತ್ತದೆ. ಹೊರಗುಳಿದವರ ಮನಸ್ಸಿಗೆ ಮೊದಲು ಬರುವ ಪ್ರಶ್ನೆ "ನನ್ನ ಮೇಲೆ ಅವರಿಗೇನು ಸಿಟ್ಟು?" ಎಂಬುದು. ಬಹಳ ಸಲ ಸಿಟ್ಟೇನೂ ಇರುವುದಿಲ್ಲ. ಹೊತ್ತು, ಜಾಗ, ಸುದ್ದಿ ಈ ಮೂರೂ ಒಂದೇ ದಾರಿಯಲ್ಲಿ ಹರಿಯತೊಡಗಿದರೆ ಸಾಕು, ಬಾಗಿಲು ಯಾರೂ ತಳ್ಳದೆಯೇ ಮುಚ್ಚಿಕೊಳ್ಳುತ್ತದೆ. ಆಮೇಲೆ ಅದಕ್ಕೆ ಅಗುಳಿ ಹಾಕುವವರು, ಅದನ್ನು ಕಾಯುವವರು, ಅದು ಸರಿಯೆಂದು ವಾದಿಸುವವರು ಹುಟ್ಟಿಕೊಳ್ಳುತ್ತಾರೆ. ಈ ಕ್ರಮವನ್ನು ತಲೆಕೆಳಗಾಗಿ ಓದಿ, ಮೊದಲು ದ್ವೇಷ ಆಮೇಲೆ ಬಾಗಿಲು ಎಂದುಕೊಂಡರೆ, ಸರಿಪಡಿಸಲು ಹೊರಟ ಕೆಲಸವೂ ತಪ್ಪು ಕಡೆಯಿಂದಲೇ ಶುರುವಾಗುತ್ತದೆ.

ಮೊದಲು ಜಾಗದ ವಿಷಯ. ಲಿಯಾನ್ ಫೆಸ್ಟಿಂಗರ್, ಸ್ಟ್ಯಾನ್ಲಿ ಶಾಕ್ಟರ್ ಮತ್ತು ಕರ್ಟ್ ಬ್ಯಾಕ್ ಎಂಬ ಮೂವರು ಸಂಶೋಧಕರು ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದ ವಿವಾಹಿತ ವಿದ್ಯಾರ್ಥಿಗಳ ವಸತಿಯಲ್ಲಿ ಸ್ನೇಹ ಹೇಗೆ ಬೆಳೆಯುತ್ತದೆ ಎಂದು ಅಧ್ಯಯನ ಮಾಡಿ 1950ರಲ್ಲಿ ಪ್ರಕಟಿಸಿದರು. ಅಲ್ಲಿ ಯಾರಿಗೆ ಯಾವ ಮನೆ ಎಂಬುದನ್ನು ನಿವಾಸಿಗಳು ಆರಿಸಿಕೊಂಡಿರಲಿಲ್ಲ. ಹೆಚ್ಚು ಒಡನಾಟ ಯಾರೊಂದಿಗೆ ಎಂದು ಕೇಳಿದಾಗ ಪಕ್ಕದ ಮನೆಯವರ ಹೆಸರು ಬಂದ ಪ್ರಮಾಣ 41%. ಒಂದು ಮನೆ ಬಿಟ್ಟು ಆಚೆಯವರದು 22%. ಅದೇ ಮಹಡಿಯ ಆ ತುದಿಯವರದು 10%. ದೂರವೆಂದರೆ ಕೆಲವೇ ಹೆಜ್ಜೆ. ಮೆಟ್ಟಿಲ ಬುಡದ ಮನೆಯವರಿಗೆ ಮೇಲಿನ ಮಹಡಿಯಲ್ಲೂ ಗೆಳೆಯರಿದ್ದರು, ಏಕೆಂದರೆ ಮೇಲಿನವರು ದಿನವೂ ಅವರ ಬಾಗಿಲ ಮುಂದೆ ಹಾದುಹೋಗುತ್ತಿದ್ದರು. ಗುಣ, ರುಚಿ, ಅಭಿಪ್ರಾಯ ಇವೆಲ್ಲ ಕೆಲಸ ಮಾಡುವುದಕ್ಕೆ ಮುಂಚೆಯೇ ಮೆಟ್ಟಿಲು ತನ್ನ ಕೆಲಸ ಮುಗಿಸಿರುತ್ತದೆ. ಒಂದು ಕಚೇರಿಯಲ್ಲಿ ಯಾರು ಯಾರ ಬಳಗ ಎಂದು ತಿಳಿಯಬೇಕಿದ್ದರೆ ಸ್ವಭಾವಗಳನ್ನು ಅಳೆಯುವ ಮುನ್ನ ಕುರ್ಚಿಗಳ ನಕ್ಷೆ ನೋಡಬೇಕು.

ಆಮೇಲೆ ಹೊತ್ತು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಬರೀ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆಗಳ ಒಡನಾಟ ಬೇಕು, ಗೆಳೆತನ ಎನ್ನಿಸಿಕೊಳ್ಳಲು ಸುಮಾರು 90, ಆಪ್ತ ಸ್ನೇಹಕ್ಕೆ 200ಕ್ಕೂ ಹೆಚ್ಚು. ಇದನ್ನು ಒಂದು ಕಚೇರಿಗೆ ಹೊಂದಿಸಿ ನೋಡೋಣ. ಐದು ಜನ ವಾರಕ್ಕೆ ಐದು ದಿನ, ದಿನಕ್ಕೊಂದು ಗಂಟೆ ಬಿಡುವಿನಲ್ಲಿ ಒಟ್ಟಿಗೆ ಕೂರುತ್ತಾರೆ ಎಂದಿಟ್ಟುಕೊಳ್ಳಿ. ಹತ್ತನೇ ವಾರಕ್ಕೆ ಅವರ ನಡುವೆ 50 ಗಂಟೆ ಕೂಡಿರುತ್ತದೆ, ನಲವತ್ತನೇ ವಾರಕ್ಕೆ 200. ಆರು ತಿಂಗಳ ನಂತರ ಕೆಲಸಕ್ಕೆ ಸೇರಿದವರು ಮೊದಲ ದಿನವೇ 130 ಗಂಟೆ ಹಿಂದೆ ಬಿದ್ದಿರುತ್ತಾರೆ. ಆ ಐವರು ಎಷ್ಟೇ ಒಳ್ಳೆಯವರಾದರೂ ಈ ಅಂತರ ಮುಗುಳ್ನಗೆಯಿಂದ ತುಂಬುವಂಥದ್ದಲ್ಲ. ಅವರ ಅರ್ಧ ಮಾತುಗಳು ಹೊಸಬರಿಗೆ ಅರ್ಥವೇ ಆಗುವುದಿಲ್ಲ, ವಿವರಿಸುತ್ತ ಕೂತರೆ ಮಾತಿನ ಓಟ ನಿಲ್ಲುತ್ತದೆ. ಹಾಗಾಗಿ ವಿವರಿಸುವುದನ್ನು ಬಿಡುತ್ತಾರೆ.

ಇನ್ನು ಎಣಿಕೆ. ನಾಲ್ಕು ಜನರ ನಡುವೆ ಜೋಡಿಗಳು ಆರು. ಐವರಲ್ಲಿ ಹತ್ತು, ಆರು ಜನರಲ್ಲಿ ಹದಿನೈದು, ಎಂಟು ಜನರಲ್ಲಿ ಇಪ್ಪತ್ತೆಂಟು, ಹತ್ತು ಜನರಲ್ಲಿ ನಲವತ್ತೈದು. ಸಂಶೋಧಕರಾದ ಲ್ಯೂಸ್ ಮತ್ತು ಪೆರ್ರಿ 1949ರಲ್ಲಿ ಇಂಥ ಒಳಬಳಗಕ್ಕೆ ಗಣಿತದ ವ್ಯಾಖ್ಯೆ ಕೊಟ್ಟರು: ಒಳಗಿರುವ ಪ್ರತಿಯೊಬ್ಬರಿಗೂ ಒಳಗಿರುವ ಪ್ರತಿಯೊಬ್ಬರೊಂದಿಗೂ ನೇರ ಸಂಬಂಧ ಇರಬೇಕು, ಆ ಷರತ್ತು ಕೆಡದಂತೆ ಇನ್ನೊಬ್ಬರನ್ನು ಸೇರಿಸಿಕೊಳ್ಳಲು ಆಗಬಾರದು. ಒಣ ವ್ಯಾಖ್ಯೆಯಂತೆ ಕಂಡರೂ ಪ್ರವೇಶದ ಕಷ್ಟವೆಲ್ಲ ಅದರಲ್ಲಿದೆ. ಐವರ ಬಳಗಕ್ಕೆ ಬರುವವರು ಒಂದಲ್ಲ, ಐದು ಸಂಬಂಧ ಕಟ್ಟಬೇಕು. ಅದರಲ್ಲಿ ಒಂದು ಸರಿಬಾರದಿದ್ದರೂ ಉಳಿದ ನಾಲ್ವರಿಗೆ ಇರುಸುಮುರುಸು. ಜೊತೆಗೆ ಒಂದೇ ಹರಟೆಯಲ್ಲಿ ಎಲ್ಲರೂ ಪಾಲ್ಗೊಳ್ಳುವ ಮಿತಿ ಹೆಚ್ಚುಕಡಿಮೆ ನಾಲ್ಕು ಜನ ಎಂದು ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ಗಮನಿಸಿದ್ದಾರೆ. ಐದನೆಯವರು ಬಂದರೆ ಮಾತು ಎರಡಾಗಿ ಒಡೆಯುವುದು ಶುರುವಾಗುತ್ತದೆ. ಮೂವತ್ತು ಜನರ ಸಂಘಕ್ಕಿಂತ ಐದು ಜನರ ಬಳಗಕ್ಕೆ ಸೇರುವುದು ಕಷ್ಟ ಎಂಬ ಎಲ್ಲರ ಅನುಭವಕ್ಕೆ ಇದು ಕಾರಣ. ಸಂಘ ಕೇಳುವುದು ಒಂದು ಅರ್ಜಿ, ಬಳಗ ಕೇಳುವುದು ಎಲ್ಲರ ಒಪ್ಪಿಗೆ.

ಇಷ್ಟರವರೆಗೆ ಯಾರ ತಪ್ಪೂ ಇಲ್ಲ. ಆದರೆ ಬಳಗಕ್ಕೆ ಹೆಸರೊಂದು ಬಿದ್ದ ಕೂಡಲೇ ಬೇರೊಂದು ಶಕ್ತಿ ಸೇರಿಕೊಳ್ಳುತ್ತದೆ. ಬ್ರಿಸ್ಟಲ್‌ನಲ್ಲಿ ಮನೋವಿಜ್ಞಾನಿ ಹೆನ್ರಿ ಟಾಜ್‌ಫೆಲ್ 14–15 ವರ್ಷದ ಶಾಲಾ ಹುಡುಗರ ಮೇಲೆ ನಡೆಸಿ 1970ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಈ ವಿಷಯ ಬಲ್ಲವರೆಲ್ಲ ನೆನೆಯುತ್ತಾರೆ. ಪರದೆಯ ಮೇಲಿನ ಚುಕ್ಕೆಗಳನ್ನು ಹೆಚ್ಚಾಗಿ ಅಂದಾಜಿಸಿದವರು, ಕಡಿಮೆ ಅಂದಾಜಿಸಿದವರು ಎಂದು ಹುಡುಗರಿಗೆ ಎರಡು ಗುಂಪಿನ ಹೆಸರು ಹಚ್ಚಲಾಯಿತು. ನಿಜಕ್ಕೂ ವಿಂಗಡಣೆ ಚೀಟಿ ಎತ್ತಿದಂತೆ ಮನಬಂದಂತೆ ನಡೆದಿತ್ತು. ತಮ್ಮ ಗುಂಪಿನಲ್ಲಿ ಯಾರಿದ್ದಾರೆ ಎಂಬುದೂ ಅವರಿಗೆ ತಿಳಿದಿರಲಿಲ್ಲ. ಹಣಕ್ಕೆ ಬದಲಾಗುವ ಅಂಕಗಳನ್ನು ಇಬ್ಬರು ಅಪರಿಚಿತರಿಗೆ ಹಂಚಬೇಕು, ತನಗೆ ತಾನು ಕೊಟ್ಟುಕೊಳ್ಳುವಂತಿಲ್ಲ. ಇಂಥದೇ ಇನ್ನೊಂದು ಪ್ರಯೋಗದ ಪಟ್ಟಿಯ ಒಂದು ತುದಿಯಲ್ಲಿ ತಮ್ಮವನಿಗೆ 19 ಎದುರಿನವನಿಗೆ 25, ಇನ್ನೊಂದು ತುದಿಯಲ್ಲಿ ತಮ್ಮವನಿಗೆ 7 ಎದುರಿನವನಿಗೆ 1. ತಮ್ಮವನಿಗೆ ಒಳ್ಳೆಯದಾಗಬೇಕು ಎಂಬುದಷ್ಟೇ ಆಸೆಯಾಗಿದ್ದರೆ 19 ಅನ್ನು ಆರಿಸಬೇಕಿತ್ತು. ಹುಡುಗರು ತಮ್ಮವನ ಪಾಲು ಇಳಿದರೂ ಸರಿ, ಎದುರಿನವನಿಗಿಂತ ಮೇಲಿರಬೇಕು ಎಂಬ ಕಡೆ ವಾಲಿದರು.

ಈ ಪ್ರಯೋಗವನ್ನು "ಮನುಷ್ಯ ಸ್ವಭಾವವೇ ಹಗೆತನದ್ದು" ಎಂದು ಓದುವವರಿದ್ದಾರೆ. ಆ ಓದು ಸರಿಯಲ್ಲ. ನಂತರ ಬಂದ ಅಧ್ಯಯನಗಳಲ್ಲಿ ಅಂಕ ಹಂಚುವ ಬದಲು ಅಹಿತಕರ ಅನುಭವವನ್ನು ಹಂಚಲು ಹೇಳಿದಾಗ ಪಕ್ಷಪಾತ ಬಹಳವಾಗಿ ತಗ್ಗಿತು. ಮನೋವಿಜ್ಞಾನಿ ಮೆರಿಲಿನ್ ಬ್ರೂವರ್ 1999ರಲ್ಲಿ ಇದನ್ನು ಸ್ಪಷ್ಟವಾಗಿ ಬಿಡಿಸಿಟ್ಟರು: ನಮ್ಮವರ ಮೇಲಿನ ಒಲವು ಒಂದು, ಹೊರಗಿನವರ ಮೇಲಿನ ಹಗೆ ಇನ್ನೊಂದು. ಮೊದಲನೆಯದು ಇದ್ದ ಕಡೆಯೆಲ್ಲ ಎರಡನೆಯದು ಇರಲೇಬೇಕಿಲ್ಲ. ತಮ್ಮವರಿಗೆ ಮೊದಲು ಸುದ್ದಿ ಹೇಳುವುದು, ತಮ್ಮವರ ಹೆಸರನ್ನು ಮೊದಲು ಸೂಚಿಸುವುದು, ತಮ್ಮವರ ತಪ್ಪನ್ನು ತುಸು ಮೆಲ್ಲಗೆ ಹೇಳುವುದು, ಹೊರಗಿಡುವಿಕೆಯ ಬಹುಪಾಲು ಇಂಥ ಪ್ರೀತಿಯ ಕೆಲಸಗಳಿಂದಲೇ ನಡೆಯುತ್ತದೆ. ಮಾಡುವವರಿಗೆ ಅದು ಅನ್ಯಾಯ ಎನ್ನಿಸದಿರುವುದು ಅದಕ್ಕೇ.

ಎರಡನೇ ಜಾಗ

ಒಲವು ಬೇಲಿಯಾಗುವ ಹೊತ್ತನ್ನು ನಿಖರವಾಗಿ ಗುರುತಿಸಬಹುದು. ದೊಡ್ಡ ಗುಂಪಿನ ಪಕ್ಕದಲ್ಲಿ ಎರಡನೆಯ, ಚಿಕ್ಕ ಜಾಗವೊಂದು ಹುಟ್ಟಿದಾಗ ಅದು ಆಗುತ್ತದೆ. ನಲವತ್ತು ಜನರ ವಾಟ್ಸಾಪ್ ಗುಂಪಿನ ಪಕ್ಕ ಆರು ಜನರದೊಂದು. ಸಭೆ ಮುಗಿದ ಮೇಲೆ ಉಳಿದುಕೊಳ್ಳುವ ನಾಲ್ವರು. ಶುರುವಿನಲ್ಲಿ ಕಾರಣ ಪ್ರಾಮಾಣಿಕವಾಗಿಯೇ ಇರುತ್ತದೆ: ಯಾವುದೋ ಒಂದು ಕೆಲಸಕ್ಕೆ ಓಡಾಡುವವರು ಬೇಗ ಮಾತಾಡಿಕೊಳ್ಳಬೇಕಿತ್ತು. ಕೆಲಸ ಮುಗಿದರೂ ಆ ಜಾಗ ಮುಗಿಯುವುದಿಲ್ಲ. ಮೊದಲು ತಮಾಷೆಗಳು ಅಲ್ಲಿಗೆ ಹೋಗುತ್ತವೆ, ಆಮೇಲೆ ಸುದ್ದಿ, ಆಮೇಲೆ ಅಭಿಪ್ರಾಯ, ಕೊನೆಗೆ ತೀರ್ಮಾನ. ತೀರ್ಮಾನ ಹೋದ ದಿನದಿಂದ ದೊಡ್ಡ ಗುಂಪು ಬರೀ ಪ್ರಕಟಣೆಯ ಫಲಕ. ಅಲ್ಲಿ ಬಂದ ಪ್ರಸ್ತಾಪಕ್ಕೆ ಎರಡು ನಿಮಿಷದಲ್ಲಿ ಐದು ಒಪ್ಪಿಗೆ ಬಿದ್ದರೆ, ಅದು ಬೇರೆಲ್ಲೋ ಚರ್ಚೆಯಾಗಿ ಬಂದದ್ದು ಎಂದು ಬೇರೆ ಸಾಕ್ಷಿ ಬೇಕಿಲ್ಲ.

ಸುದ್ದಿ ಮೊದಲು ಯಾರಿಗೆ ಸಿಗುತ್ತದೆ ಎಂಬುದರ ಮೇಲೆ ಕಣ್ಣಿಟ್ಟರೆ ಒಳಬಳಗದ ಗಡಿ ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದು ಮೋಸ ಮಾಡಬಹುದು, ಸುದ್ದಿಯ ದಾರಿ ಮೋಸ ಮಾಡುವುದಿಲ್ಲ.

ಮುಂದಿನ ಹೆಜ್ಜೆ ಮೊದಲ ನಿರಾಕರಣೆ. ಯಾರೋ ಒಬ್ಬರು "ನಾನೂ ಬರಲಾ?" ಎನ್ನುತ್ತಾರೆ. ಬಳಗದ ಬಳಿ ಆಗ ನಿಯಮವೇ ಇರುವುದಿಲ್ಲ. "ಈ ಸಲ ಜಾಗ ಇಲ್ಲ" ಎಂದೋ "ನಿಮಗೆ ಇದು ಅಷ್ಟು ಹಿಡಿಸಲಿಕ್ಕಿಲ್ಲ" ಎಂದೋ ತಪ್ಪಿಸಿಕೊಳ್ಳುತ್ತಾರೆ. ಎರಡನೇ ಸಲವೂ ಅದೇ ಉತ್ತರ ಕೊಡಲು ನಾಚಿಕೆಯಾದಾಗ ನಿಯಮ ಹುಟ್ಟುತ್ತದೆ: ಇಷ್ಟು ವರ್ಷದ ಅನುಭವ ಬೇಕು, ಇಂಥ ಅಭಿರುಚಿ ಇರಬೇಕು, ಇಂಥವರ ಶಿಫಾರಸು ಬೇಕು. ನಿಯಮ ನಿರಾಕರಣೆಯ ನಂತರ ಬರುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಅವರ ನಿಧನದ ನಂತರ 1922ರ ಹೊತ್ತಿಗೆ ಪ್ರಕಟವಾದ ಬರಹದಲ್ಲಿ ಇದರ ಬೇರು ಸಿಗುತ್ತದೆ. ಹಂಚಿಕೊಳ್ಳಬೇಕಾದ ಲಾಭಕ್ಕೆ ಸ್ಪರ್ಧಿಗಳು ಹೆಚ್ಚಾದಾಗ ಒಂದು ಗುಂಪು ಇನ್ನೊಂದರಲ್ಲಿ ಕಣ್ಣಿಗೆ ಕಾಣುವ ಯಾವುದಾದರೂ ಗುರುತನ್ನು ಹಿಡಿದು (ಜನಾಂಗ, ಭಾಷೆ, ಧರ್ಮ, ಹುಟ್ಟು, ವಾಸಸ್ಥಳ, ಏನಾದರೂ ಆಗಬಹುದು) ಅದನ್ನೇ ಹೊರಗಿಡುವ ಕಾರಣ ಮಾಡಿಕೊಳ್ಳುತ್ತದೆ. ಯಾವ ಗುರುತು ಎಂಬುದು ಮುಖ್ಯವಲ್ಲ, ಕೈಗೆ ಸುಲಭವಾಗಿ ಸಿಕ್ಕಿದ್ದು ಸಾಕು. ಅದಕ್ಕೇ ಆ ಗುರುತಿನ ಬಗ್ಗೆಯೇ ವಾದ ಮಾಡುತ್ತ ಕೂತವರು ಗೆಲ್ಲುವುದು ಅಪರೂಪ. ಒಂದು ನೆಪ ಬಿದ್ದರೆ ಇನ್ನೊಂದು ಸಿದ್ಧವಿರುತ್ತದೆ. ಕೇಳಬೇಕಾದದ್ದು ಇಲ್ಲಿ ಹಂಚಿಕೆಯಾಗುತ್ತಿರುವುದು ಏನು ಎಂದು.

ಗುರುತೇ ಇಲ್ಲದಿದ್ದರೂ ಬೇಲಿ ಏಳಬಲ್ಲದು ಎಂಬುದಕ್ಕೆ ಸಮಾಜಶಾಸ್ತ್ರಜ್ಞ ನಾರ್ಬರ್ಟ್ ಎಲಿಯಾಸ್ ಮತ್ತು ಜಾನ್ ಸ್ಕಾಟ್ಸನ್ ಅವರ ಅಧ್ಯಯನಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಇಂಗ್ಲೆಂಡಿನ ಲೆಸ್ಟರ್ ಸಮೀಪದ ಬಡಾವಣೆಯೊಂದರ ಕುರಿತು ಅವರು 1965ರಲ್ಲಿ ಪ್ರಕಟಿಸಿದರು. ಪಕ್ಕಪಕ್ಕದ ಎರಡು ಕಾರ್ಮಿಕ ಕೇರಿಗಳು. ಕೆಲಸ ಒಂದೇ ಬಗೆಯದು, ಆದಾಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ರಾಷ್ಟ್ರೀಯತೆ, ಜನಾಂಗ ಒಂದೇ. ಇದ್ದ ವ್ಯತ್ಯಾಸ ಒಂದೇ: ಒಂದು ಕೇರಿಯವರು ಎರಡು ಮೂರು ತಲೆಮಾರಿನಿಂದ ಅಲ್ಲಿದ್ದರು, ಇನ್ನೊಂದರವರು ಆಮೇಲೆ ಬಂದವರು. ಹಳಬರು ಹೊಸಬರೊಂದಿಗೆ ಬೆರೆಯಲಿಲ್ಲ, ಅವರನ್ನು ಕೀಳೆಂದು ಬಗೆದರು. ವಿಚಿತ್ರವೆಂದರೆ ಹೊಸಬರಲ್ಲೂ ಅನೇಕರು ಅದನ್ನು ಅರೆಬರೆ ಒಪ್ಪಿಕೊಂಡುಬಿಟ್ಟಿದ್ದರು.

ಹೀಗಾಗಲು ಬಳಕೆಯಾದ ಸಾಧನ ಹರಟೆ. ಹಳಬರಿಗೆ ಒಬ್ಬರಿಗೊಬ್ಬರು ಗೊತ್ತು, ಸಂಘಗಳು ಅವರ ಕೈಯಲ್ಲಿ, ಹಾಗಾಗಿ ಅವರ ಮಾತು ಒಂದು ಸಂಜೆಯಲ್ಲಿ ಊರೆಲ್ಲ ಸುತ್ತುತ್ತಿತ್ತು. ಹೊಸಬರು ಬೇರೆಬೇರೆ ಕಡೆಯಿಂದ ಬಂದವರು, ಅವರ ನಡುವೆಯೇ ಪರಿಚಯ ತೆಳು, ತಿರುಗಿ ಉತ್ತರಿಸಲು ದನಿ ಕೂಡುತ್ತಿರಲಿಲ್ಲ. ಎಲಿಯಾಸ್ ತೋರಿಸಿದ ಒಂದು ತಂತ್ರವನ್ನು ಎಲ್ಲೆಡೆ ಕಾಣಬಹುದು: ಒಳಗಿನವರ ಬಗ್ಗೆ ಮಾತಾಡುವಾಗ ತಮ್ಮಲ್ಲಿನ ಅತ್ಯುತ್ತಮರನ್ನು ಮಾದರಿಯಾಗಿ ಎತ್ತಿಕೊಳ್ಳುತ್ತಾರೆ, ಹೊರಗಿನವರ ಬಗ್ಗೆ ಮಾತಾಡುವಾಗ ಅವರಲ್ಲಿನ ತೀರ ಕೆಟ್ಟ ಕೆಲವರನ್ನು. ಎರಡೂ ಮಾತು ಸುಳ್ಳಲ್ಲ. ಸುಳ್ಳಾಗುವುದು ಅವನ್ನು ಪಕ್ಕಪಕ್ಕ ಇಟ್ಟಾಗ. ಬೆರೆಯುವ ಒಳಗಿನವರಿಗೂ ಶಿಕ್ಷೆ ಇತ್ತು: ಹೊಸಬರೊಂದಿಗೆ ಒಡನಾಡಿದವರ ಬಗ್ಗೆಯೇ ಹರಟೆ ಶುರುವಾಗುತ್ತಿತ್ತು. ಒಳಬಳಗ ಹೊರಗಿನವರಿಗಿಂತ ಮೊದಲು ತನ್ನವರನ್ನೇ ಕಾಯುತ್ತದೆ.

ಮಕ್ಕಳ ಬಳಗಗಳಲ್ಲಿ ಇದು ಇನ್ನೂ ಬಿಚ್ಚಾಗಿ ಕಾಣುತ್ತದೆ. ಸಮಾಜಶಾಸ್ತ್ರಜ್ಞರಾದ ಪೆಟ್ರೀಷಿಯಾ ಆಡ್ಲರ್ ಮತ್ತು ಪೀಟರ್ ಆಡ್ಲರ್ ಶಾಲಾಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 1990ರ ದಶಕದಲ್ಲಿ ಬರೆದದ್ದರಲ್ಲಿ ಒಂದು ಚಕ್ರ ಸ್ಪಷ್ಟವಾಗಿದೆ. ಮುಂದಾಳು ಹೊಸಬರೊಬ್ಬರನ್ನು ಇದ್ದಕ್ಕಿದ್ದಂತೆ ಹತ್ತಿರ ಸೆಳೆಯುತ್ತಾನೆ ಅಥವಾ ಸೆಳೆಯುತ್ತಾಳೆ, ಎಲ್ಲರ ಮುಂದೆ ಮೆಚ್ಚುತ್ತಾಳೆ. ಕೆಲದಿನಗಳ ಮೇಲೆ ತಣ್ಣಗಾಗುತ್ತಾಳೆ, ಆಮೇಲೆ ಗೇಲಿ. ಗೇಲಿಗೆ ಎರಡನೇ ಸಾಲಿನವರು ದನಿಗೂಡಿಸುತ್ತಾರೆ, ಇಲ್ಲವಾದರೆ ಮುಂದಿನ ಸರದಿ ತಮ್ಮದೆಂದು ಅವರಿಗೆ ಗೊತ್ತು. ಒಳಗಿರುವವರು ನೆಮ್ಮದಿಯಾಗಿದ್ದಾರೆ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಆದರೆ ಮಧ್ಯದ ಸಾಲಿನಲ್ಲಿರುವ ಮಗುವಿನ ಆತಂಕ ತೀರ ಹೊರಗಿರುವ ಮಗುವಿಗಿಂತ ಕಡಿಮೆಯೇನಲ್ಲ. ಪೋಷಕರೂ ಶಿಕ್ಷಕರೂ ಮುಂದಾಳುವಿನ ಮೇಲೆ ಕಣ್ಣಿಟ್ಟು ಈ ಎರಡನೇ ಸಾಲನ್ನು ಮರೆಯುತ್ತಾರೆ. ಅಲ್ಲಿ ಒಬ್ಬರು ಗೇಲಿಗೆ ದನಿಗೂಡಿಸದೆ ಉಳಿದರೆ ಚಕ್ರ ಕುಂಟುತ್ತದೆ. ಅದಕ್ಕಾಗಿ ಆ ಮಗುವಿಗೆ ಬಳಗದ ಹೊರಗೆ ಒಬ್ಬ ಗಟ್ಟಿ ಗೆಳೆಯ ಅಥವಾ ಗೆಳತಿ ಇರುವಂತೆ ನೋಡಿಕೊಳ್ಳುವುದು ಉಪದೇಶಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರವೇಶದ ಬೆಲೆ

ನಿಯಮಬದ್ಧ ಕೂಟಗಳಲ್ಲಿ ಬಾಗಿಲಿಗೆ ಯಂತ್ರವೇ ಇರುತ್ತದೆ. ಹಳೆಯ ಕ್ಲಬ್ಬುಗಳ ಪದ್ಧತಿ ಇದು: ಒಬ್ಬ ಸದಸ್ಯರು ಹೆಸರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ನಂತರ ಮುಚ್ಚಿದ ಪೆಟ್ಟಿಗೆಗೆ ಪ್ರತಿಯೊಬ್ಬರೂ ಬಿಳಿ ಅಥವಾ ಕಪ್ಪು ಗೋಲಿ ಹಾಕಬೇಕು. ಕಟ್ಟುನಿಟ್ಟಾದ ಕಡೆ ಒಂದೇ ಕಪ್ಪು ಗೋಲಿಗೆ ಅರ್ಜಿ ಬಿದ್ದುಹೋಗುತ್ತದೆ. ಯಾರು ಹಾಕಿದರು, ಏಕೆ ಹಾಕಿದರು ಎಂಬುದು ಹೊರಬರುವುದಿಲ್ಲ.

ಇದರ ಲೆಕ್ಕ ಹಾಕಿದವರು ಕಡಿಮೆ. ಯಾವುದೇ ಒಬ್ಬ ಸದಸ್ಯರಿಗೆ ಅಭ್ಯರ್ಥಿ ಹಿಡಿಸದಿರುವ ಸಾಧ್ಯತೆ 5% ಮಾತ್ರ, ಪ್ರತಿಯೊಬ್ಬರೂ ಸ್ವತಂತ್ರವಾಗಿ ತೀರ್ಮಾನಿಸುತ್ತಾರೆ ಎಂದಿಟ್ಟುಕೊಂಡರೆ, 10 ಸದಸ್ಯರ ಕೂಟದಲ್ಲಿ ಅಭ್ಯರ್ಥಿ ಪಾರಾಗುವ ಸಾಧ್ಯತೆ 60%. 20 ಸದಸ್ಯರಿದ್ದರೆ 36%. 50 ಸದಸ್ಯರಿದ್ದರೆ 8%ಕ್ಕೂ ಕಡಿಮೆ. ಅಂದರೆ ಕೂಟ ದೊಡ್ಡದಾದಷ್ಟೂ ಬಾಗಿಲು ಕಿರಿದಾಗುತ್ತದೆ, ಯಾರಿಗೂ ಅಂಥ ಉದ್ದೇಶವಿಲ್ಲದಿದ್ದರೂ. ತಿರಸ್ಕಾರಕ್ಕೆ ಎರಡು ಕಪ್ಪು ಗೋಲಿ ಬೇಕು ಎಂದು ನಿಯಮ ಬದಲಿಸಿದರೆ 20 ಸದಸ್ಯರ ಕೂಟದಲ್ಲಿ 36% ಇದ್ದದ್ದು 74% ಆಗುತ್ತದೆ. ಒಂದೇ ಒಂದು ಅಂಕಿ ಬದಲಿಸಿದ್ದಕ್ಕೆ ಇಷ್ಟು ವ್ಯತ್ಯಾಸ. ಇನ್ನೊಂದು ಪರಿಣಾಮ ಹೆಚ್ಚು ಗಂಭೀರ. ಇಂಥ ಬಾಗಿಲಿನಿಂದ ಒಳಬರುವವರು ಎಲ್ಲರಿಗಿಂತ ಉತ್ತಮರಲ್ಲ, ಯಾರ ಕಣ್ಣಿಗೂ ಚುಚ್ಚದವರು. ಇಪ್ಪತ್ತು ವರ್ಷ ಹೀಗೆ ನಡೆದರೆ ಕೂಟದಲ್ಲಿ ಒಂದೇ ಬಗೆಯ ಮುಖ, ಒಂದೇ ಬಗೆಯ ಮಾತು ಉಳಿಯುತ್ತದೆ. ಹೊಸ ವಿಚಾರ ಬರುತ್ತಿಲ್ಲ ಎಂದು ಆಮೇಲೆ ಕೊರಗುವ ಕೂಟಗಳು ತಮ್ಮ ಮತಪೆಟ್ಟಿಗೆಯನ್ನು ಒಮ್ಮೆ ನೋಡಿಕೊಳ್ಳಬೇಕು.

ಕಷ್ಟಪಟ್ಟು ಒಳಬಂದವರು ಕೂಟವನ್ನು ಹೆಚ್ಚು ಪ್ರೀತಿಸುತ್ತಾರೆ ಎಂಬುದು ನಿಜ. ಎಲಿಯಟ್ ಆರನ್‌ಸನ್ ಮತ್ತು ಜಡ್ಸನ್ ಮಿಲ್ಸ್ 1959ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಚರ್ಚಾಕೂಟವೊಂದಕ್ಕೆ ಸೇರಲು ಕೆಲವು ವಿದ್ಯಾರ್ಥಿನಿಯರು ಮುಜುಗರದ ಪದಗಳನ್ನು ಗಟ್ಟಿಯಾಗಿ ಓದಬೇಕಿತ್ತು, ಕೆಲವರಿಗೆ ಸುಲಭದ ಪರೀಕ್ಷೆ, ಉಳಿದವರಿಗೆ ಏನೂ ಇಲ್ಲ. ಆಮೇಲೆ ಕೇಳಿಸಿದ ಚರ್ಚೆಯನ್ನು ಬೇಕೆಂದೇ ತೀರ ನೀರಸವಾಗಿ ಮಾಡಿದ್ದರು. ಅದನ್ನು ಅತಿ ಹೆಚ್ಚು ಮೆಚ್ಚಿದವರು ಅತಿ ಹೆಚ್ಚು ಮುಜುಗರಪಟ್ಟವರು. 1966ರಲ್ಲಿ ಹೆರಾಲ್ಡ್ ಜೆರಾರ್ಡ್ ಮತ್ತು ಗ್ರೋವರ್ ಮ್ಯಾಥ್ಯೂಸನ್ ವಿದ್ಯುತ್ ಆಘಾತ ಬಳಸಿ ನೋಡಿದಾಗಲೂ ಹಾಗೇ ಆಯಿತು. ತೆತ್ತ ಬೆಲೆ ವ್ಯರ್ಥವಾಯಿತು ಎಂದು ಒಪ್ಪಿಕೊಳ್ಳುವುದಕ್ಕಿಂತ ಸಿಕ್ಕಿದ್ದು ಚೆನ್ನಾಗಿದೆ ಎಂದು ನಂಬುವುದು ಮನಸ್ಸಿಗೆ ಹಗುರ.

ಇದನ್ನು ಅಸ್ತ್ರವಾಗಿ ಬಳಸುವವರಿಗೆ ಒಂದು ಎಚ್ಚರಿಕೆ. ಹಿಂಸೆಯ ಪ್ರವೇಶವಿಧಿ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ತಾನು ಅನುಭವಿಸಿದ್ದು ಮುಂದಿನವರಿಗೆ ಕಡಿಮೆಯಾದರೆ ತನ್ನ ಕಷ್ಟ ಅಗ್ಗವಾದಂತೆ ಅನ್ನಿಸುವುದರಿಂದ ಪ್ರತಿ ತಂಡವೂ ಹಿಂದಿನದಕ್ಕೆ ತುಸು ಸೇರಿಸುತ್ತದೆ, ಮತ್ತು ಯಾವ ಒಂದು ತಂಡಕ್ಕೂ ತಾನು ಗೆರೆ ದಾಟಿದ್ದು ಕಾಣುವುದಿಲ್ಲ. ರ‍್ಯಾಗಿಂಗ್ ಜೀವ ತೆಗೆಯುವ ಮಟ್ಟಕ್ಕೆ ಹೋಗುವುದು ಹೀಗೆಯೇ. ಬದ್ಧತೆ ಬೇಕಿದ್ದರೆ ಬೆಲೆಯನ್ನು ದುಡಿಮೆಯ ರೂಪದಲ್ಲಿ ಕೇಳಬಹುದು: ಮೂರು ತಿಂಗಳು ಒಂದು ನಿರ್ದಿಷ್ಟ ಕೆಲಸ, ಮುಗಿಯುವ ದಿನಾಂಕ ಮೊದಲೇ ಹೇಳಿ. ಅವಮಾನ ಕೊಡುವ ಪ್ರೀತಿಯನ್ನು ದುಡಿಮೆಯೂ ಕೊಡುತ್ತದೆ, ಗಾಯ ಉಳಿಯುವುದಿಲ್ಲ.

ಹೊರಗುಳಿದವರ ನೋವನ್ನು ಸಣ್ಣದೆಂದು ತಳ್ಳಿಹಾಕುವವರಿಗಾಗಿ ಇಷ್ಟು: ಕಿಪ್ಲಿಂಗ್ ವಿಲಿಯಮ್ಸ್ ರೂಪಿಸಿದ ಕಂಪ್ಯೂಟರ್ ಚೆಂಡಾಟದಲ್ಲಿ ಕೆಲವೇ ನಿಮಿಷ ತನ್ನ ಕಡೆ ಚೆಂಡು ಬಾರದಿದ್ದರೆ ಸಾಕು, ಆಡುವವರ ಮನಸ್ಸು ಕುಗ್ಗುತ್ತದೆ, ತಾನಿಲ್ಲಿ ಲೆಕ್ಕಕ್ಕಿಲ್ಲ ಎನ್ನಿಸುತ್ತದೆ. ಎದುರಾಳಿಗಳು ಮನುಷ್ಯರಲ್ಲ, ಬರೀ ಕಂಪ್ಯೂಟರ್ ಎಂದು ಮೊದಲೇ ಹೇಳಿದ್ದರೂ ಹಾಗೇ ಆಗುತ್ತದೆ ಎಂದು 2004ರ ಅಧ್ಯಯನ ತೋರಿಸಿತು.

ಒಳಗಿನವರೂ ಕಳೆದುಕೊಳ್ಳುತ್ತಾರೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಪರಿಚಯದ ಮೂಲಕ ಕೆಲಸ ಹಿಡಿದವರನ್ನು, ಆ ಕೆಲಸದ ಸುದ್ದಿ ಕೊಟ್ಟವರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಲಾಗಿತ್ತು. ಆಗಾಗ ಎಂದವರು 16.7%. ಅಪರೂಪಕ್ಕೊಮ್ಮೆ ಎಂದವರು 55.6%, ತೀರ ವಿರಳ ಎಂದವರು 27.8%. ದಿನವೂ ಜೊತೆಗಿರುವವರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬಳಗದ ಆಚೆಯಿಂದ, ಆ ದಾರಿಯನ್ನೇ ಒಳಬಳಗ ಮುಚ್ಚಿಕೊಂಡಿರುತ್ತದೆ. ದೊಡ್ಡ ಗುಂಪು ಒಡೆದು ಹೋಗುವುದೂ ಒಳಬಳಗಗಳ ಗೆರೆಗಳ ಉದ್ದಕ್ಕೇ. ವೇಯ್ನ್ ಜಕಾರಿ 1977ರಲ್ಲಿ ವಿಶ್ವವಿದ್ಯಾಲಯದ ಕರಾಟೆ ಕ್ಲಬ್ ಒಂದರ 34 ಜನರ ಒಡನಾಟದ ಜಾಲವನ್ನು ಪ್ರಕಟಿಸಿದರು. ತರಗತಿಯ ಶುಲ್ಕದ ಜಗಳದಲ್ಲಿ ಆ ಕ್ಲಬ್ ಇಬ್ಭಾಗವಾಗಿತ್ತು. ಯಾರು ಯಾವ ಕಡೆ ಹೋಗುತ್ತಾರೆ ಎಂಬುದನ್ನು ಬರೀ ಸ್ನೇಹದ ಗೆರೆಗಳಿಂದ ಲೆಕ್ಕ ಹಾಕಿದಾಗ ಒಬ್ಬರ ವಿಷಯದಲ್ಲಿ ಮಾತ್ರ ಅದು ತಪ್ಪಿತು.

ತೆರೆಯುವುದು

ಎಲ್ಲ ಬಾಗಿಲನ್ನೂ ತೆರೆಯಬೇಕೆಂದಿಲ್ಲ. ದುಃಖ ಹಂಚಿಕೊಳ್ಳುವ ಕೂಟ, ಚಟ ಬಿಡಲು ಒಟ್ಟಾದವರ ಕೂಟ, ಹಳೆಯ ಗೆಳೆಯರ ಸಂಜೆ, ಇವು ಮುಚ್ಚಿರುವುದರಿಂದಲೇ ಬದುಕುತ್ತವೆ. ಅಲ್ಲಿ ಆಡಿದ ಮಾತು ಅಲ್ಲೇ ಉಳಿಯುತ್ತದೆ ಎಂಬ ಭರವಸೆ ಹೋದರೆ ಮಾತೇ ಹೋಗುತ್ತದೆ. ಬಳಗ ಹಂಚುವುದು ಬರೀ ಒಡನಾಟವಾದರೆ ಮುಚ್ಚಿಕೊಳ್ಳಲು ಅದಕ್ಕೆ ಪೂರ್ತಿ ಹಕ್ಕಿದೆ. ಎಲ್ಲರಿಗೂ ಸೇರಿದ್ದನ್ನು, ಅಂದರೆ ಹಣ, ಅವಕಾಶ, ಹುದ್ದೆ, ವೇದಿಕೆ, ಮಾಹಿತಿ ಇವನ್ನು ಹಂಚುತ್ತಿದ್ದರೆ ಆ ಹಕ್ಕು ಇಲ್ಲ. ಒಂದೇ ಬಳಗ ಎರಡನ್ನೂ ಮಾಡುತ್ತಿದ್ದರೆ ಸ್ನೇಹವನ್ನು ಹಾಗೇ ಬಿಟ್ಟು ತೀರ್ಮಾನಗಳನ್ನು ಹೊರಗೆ ತರಬೇಕು. ನನ್ನ ದೃಷ್ಟಿಯಲ್ಲಿ ಈ ಒಂದು ಗೆರೆ ಸ್ಪಷ್ಟವಾದರೆ ಅರ್ಧ ಜಗಳ ತೀರುತ್ತದೆ.

ಒಳಗಿನವರನ್ನೂ ಹೊರಗಿನವರನ್ನೂ ಬರೀ ಬೆರೆಸಿದರೆ ಸಾಲದು. ಮನೋವಿಜ್ಞಾನಿ ಮುಜಾಫರ್ ಶೆರಿಫ್ 1954ರಲ್ಲಿ ಓಕ್ಲಹೋಮಾದ ರಾಬರ್ಸ್ ಕೇವ್ ಉದ್ಯಾನದ ಬೇಸಿಗೆ ಶಿಬಿರದಲ್ಲಿ ಸುಮಾರು 11 ವರ್ಷದ 22 ಹುಡುಗರನ್ನು ಎರಡು ತಂಡ ಮಾಡಿ ಸ್ಪರ್ಧೆಗೆ ಬಿಟ್ಟಿದ್ದರು. ಬಾವುಟ ಸುಡುವವರೆಗೂ ಹಗೆ ಬೆಳೆಯಿತು. ಒಟ್ಟಿಗೆ ಊಟ, ಒಟ್ಟಿಗೆ ಸಿನಿಮಾ ಏರ್ಪಡಿಸಿದರೆ ಅವೂ ಬೈದಾಟದ ಜಾಗಗಳಾದವು. ಕೆಲಸಕ್ಕೆ ಬಂದದ್ದು ಎರಡೂ ತಂಡ ಸೇರದೆ ಆಗದಂಥ ಕೆಲಸ: ಶಿಬಿರದ ನೀರು ನಿಂತಾಗ ಕಾರಣ ಹುಡುಕುವುದು, ಕೆಟ್ಟುನಿಂತ ಟ್ರಕ್ಕನ್ನು ಎಳೆಯುವುದು. ಅದೂ ಒಂದು ಸಲದಲ್ಲಿ ಆಗಲಿಲ್ಲ, ಸರಣಿಯಾಗಿ ಬೇಕಾಯಿತು. 1971ರಲ್ಲಿ ಆಸ್ಟಿನ್‌ನ ಶಾಲೆಗಳಲ್ಲಿ ಆರನ್‌ಸನ್ ಮತ್ತು ಸಂಗಡಿಗರು ಇದನ್ನು ತರಗತಿಗೆ ಒಗ್ಗಿಸಿದರು. ಐದಾರು ಮಕ್ಕಳ ತಂಡ, ಪಾಠದ ಒಂದೊಂದು ತುಣುಕು ಒಬ್ಬೊಬ್ಬರ ಬಳಿ ಮಾತ್ರ, ಪರೀಕ್ಷೆ ಪೂರ್ತಿ ಪಾಠದ ಮೇಲೆ. ಪ್ರತಿಯೊಬ್ಬರ ಮಾತಿಗೂ ಕಿವಿಗೊಡದೆ ಬೇರೆ ದಾರಿಯಿಲ್ಲ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಎಲ್ಲರಿಗೂ ಇಡೀ ಪಾಠ ಕೊಟ್ಟು "ಒಟ್ಟಿಗೆ ಓದಿ" ಎನ್ನುವುದು. ಆಗ ಜಾಣರಿಬ್ಬರು ಕೆಲಸ ಮುಗಿಸುತ್ತಾರೆ, ಉಳಿದವರು ಹೊರಗೇ ಉಳಿಯುತ್ತಾರೆ.

ಸಂಘ ನಡೆಸುವವರು ನಾಳೆಯೇ ಮಾಡಬಹುದಾದವು ಕೆಲವಿವೆ. ಆಯ್ಕೆಯ ಮಾನದಂಡವನ್ನು ಅರ್ಜಿದಾರರ ಹೆಸರು ನೋಡುವ ಮೊದಲೇ ಬರೆದಿಡುವುದು, ಏಕೆಂದರೆ ಹೆಸರು ನೋಡಿದ ಮೇಲೆ ಬರೆದ ಮಾನದಂಡ ಆ ಹೆಸರಿಗೇ ಅಳತೆ ತೆಗೆದಿರುತ್ತದೆ. ಆಕ್ಷೇಪಕ್ಕೆ ಕನಿಷ್ಠ ಇಬ್ಬರು, ಕಾರಣ ಲಿಖಿತ. ಕೂರುವ ಜಾಗ, ಜವಾಬ್ದಾರಿ, ಸಭೆ ನಡೆಸುವ ಸರದಿ ಪ್ರತಿ ಮೂರು ತಿಂಗಳಿಗೆ ಬದಲು. ತಿಂಗಳಿಗೊಮ್ಮೆ ಬದಲಿಸಿದರೆ 50 ಗಂಟೆ ಕೂಡುವುದೇ ಇಲ್ಲ, ವರ್ಷಕ್ಕೊಮ್ಮೆ ಆದರೆ 200 ದಾಟಿ ಗಟ್ಟಿಯಾಗುತ್ತದೆ. ಚಿಕ್ಕ ವಾಟ್ಸಾಪ್ ಗುಂಪು ಬೇಕೇ ಬೇಕಾದರೆ ಅದಕ್ಕೆ ಕೆಲಸದ ಹೆಸರನ್ನೂ ಮುಗಿಯುವ ದಿನಾಂಕವನ್ನೂ ಇಟ್ಟು, ಆ ದಿನ ಅಳಿಸಿಬಿಡಬೇಕು. ಹೊಸಬರನ್ನು ಒಬ್ಬೊಬ್ಬರಾಗಿ ಅಲ್ಲ, ಇಬ್ಬಿಬ್ಬರಾಗಿ ಸೇರಿಸಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಆರು ಜನರ ನಡುವೆ ಒಬ್ಬರೇ ಬಂದರೆ ಅವರು ಅತಿಥಿ, ಎಲ್ಲರೂ ನಯವಾಗಿ ಮಾತಾಡಿಸುತ್ತಾರೆ, ಯಾರೂ ಜೊತೆಗೂಡುವುದಿಲ್ಲ. ಇಬ್ಬರು ಬಂದರೆ ಮೊದಲ ದಿನವೇ ಅವರ ನಡುವೆ ಒಂದು ಸಂಬಂಧ ಇರುತ್ತದೆ, ಹಳೆಯ ಮಾತು ಅರ್ಥವಾಗದೆ ಹೋದಾಗ ಪರಸ್ಪರ ಮುಖ ನೋಡಿಕೊಂಡು "ಅದೇನದು?" ಎಂದು ಕೇಳುವ ಧೈರ್ಯ ಬರುತ್ತದೆ.

ಹೊರಗಿನಿಂದ ಒಳಬರಲು ಬಯಸುವವರು ನೇರ ಮುಂದಾಳುವಿನ ಬಳಿ ಹೋಗುತ್ತಾರೆ. ಅದು ಅತಿ ಕಡಿಮೆ ಫಲ ಕೊಡುವ ದಾರಿ. ಮುಂದಾಳುವಿಗೆ ಬಿಡುವೂ ಇಲ್ಲ, ಅಗತ್ಯವೂ ಇಲ್ಲ. ಬಳಗದ ಅಂಚಿನಲ್ಲಿದ್ದು ಬೇರೆ ಕಡೆಯೂ ಗೆಳೆಯರಿರುವವರನ್ನು ಗುರುತಿಸಿ, ಅವರೊಂದಿಗೆ ಒಬ್ಬರಿಗೊಬ್ಬರಾಗಿ ಹೊತ್ತು ಕಳೆಯಬೇಕು. ಗುಂಪಿನ ನಡುವೆ ಕಳೆದ ಗಂಟೆ ಐದು ಪಾಲಾಗುತ್ತದೆ, ಇಬ್ಬರೇ ಕಳೆದ ಗಂಟೆ ಪೂರ್ತಿ ಒಂದು ಸಂಬಂಧಕ್ಕೆ ಸೇರುತ್ತದೆ. ಪ್ರತಿ ವಾರ ಅಲ್ಲಿರಲು ಕಾರಣ ಕೊಡುವ ಒಂದು ಚಿಕ್ಕ ಕೆಲಸ ವಹಿಸಿಕೊಂಡರೆ ಆಹ್ವಾನಕ್ಕೆ ಕಾಯಬೇಕಿಲ್ಲ: ಹಾಜರಿ ಬರೆಯುವುದು, ಸಾಮಾನು ತೆಗೆದಿಡುವುದು, ಏನಾದರೂ ಸರಿ. ಒಳಗಿನವರನ್ನು ಮೆಚ್ಚಿಸಲು ಮೂರನೆಯವರನ್ನು ಹಳಿಯುವ ಹರಟೆಗೆ ಸೇರುವುದು ಮಾತ್ರ ಬೇಡ. ಒಂದು ಸಂಜೆ ಅದು ಹತ್ತಿರ ತರುತ್ತದೆ. ನಂತರ ಅದೇ ಮಾತು ಹಳಿದವರ ಹೆಸರಿನ ಜೊತೆಗೇ ಹೊರಹೋಗುತ್ತದೆ, ಮತ್ತು ಹೊಸಬರ ಬೆನ್ನಿಗೆ ನಿಲ್ಲುವಷ್ಟು ಗಂಟೆಗಳು ಅಲ್ಲಿ ಯಾರ ಬಳಿಯೂ ಕೂಡಿರುವುದಿಲ್ಲ. ಎರಡು ಮೂರು ತಿಂಗಳು ಹೀಗೆ ನಡೆದರೂ ಸುದ್ದಿ ಎಲ್ಲರಿಗಿಂತ ಕೊನೆಗೇ ತಲುಪುತ್ತಿದ್ದರೆ ಅಲ್ಲಿ ಹೊತ್ತು ಸುರಿಯುವುದನ್ನು ನಿಲ್ಲಿಸಿ, ಹಾಗೇ ಹೊರಗುಳಿದ ಇನ್ನಿಬ್ಬರು ಮೂವರನ್ನು ಹುಡುಕುವುದು ಜಾಣತನ. ದೊಡ್ಡ ಗುಂಪಿನಲ್ಲಿ ಅಂಥವರು ಇದ್ದೇ ಇರುತ್ತಾರೆ.